ಅಪ್‌ಡೇಟ್: ಡೆಂಟಲ್ ಸ್ಕೂಲ್‌ಗಳ ಪಟ್ಟಿ ಅಂತೂ ಸಿದ್ಧವಾಯಿತು

ಟೆಕ್ಸಾಸ್ ನಿವಾಸಿ, ಬೆಂಗಳೂರಿನ ಬಿ.ಇ., ಐ.ಟಿ. ಕೆಲಸ: ಇಷ್ಟಿಟ್ಟುಕೊಂಡು ಅಮೆರಿಕದಲ್ಲಿ ಡೆಂಟಲ್‌ಗೆ ಎಲ್ಲೆಲ್ಲಿ ಅರ್ಜಿ ಹಾಕಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಪಟ್ಟಿಯ ತಳಹದಿ ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳೇ: ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ, ಡಲ್ಲಾಸ್, ಎಲ್ ಪಾಸೊ. ಕನಿಷ್ಠ ಶೇ. 90 ಸೀಟು ಟೆಕ್ಸಾಸ್‌ನವರಿಗೇ ಮೀಸಲು. ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳ ಸಾಮಾನ್ಯ ಅರ್ಜಿ ವ್ಯವಸ್ಥೆಯಾದ ಟಿಎಂಡಿಎಸ್ಎಎಸ್‌ನಲ್ಲಿ ಒಂದೇ ಶುಲ್ಕಕ್ಕೆ ನಾಲ್ಕಕ್ಕೂ ಅರ್ಜಿ ಹೋಗುತ್ತದೆ.

ಹೊರರಾಜ್ಯದ ಕಾಲೇಜುಗಳಿಗೆ ಅರ್ಜಿ ಹಾಕುವ ರಾಷ್ಟ್ರಮಟ್ಟದ ವ್ಯವಸ್ಥೆಯಾದ ಎಎಡಿಎಸ್ಎಎಸ್‌ನಲ್ಲಿ ಪ್ರತಿ ಕಾಲೇಜಿಗೂ ಬೇರೆ ದುಡ್ಡು. ಹಾಗಾಗಿ ಹೊರರಾಜ್ಯದವರು ನಿಜವಾಗಿ ಎಷ್ಟು ಜನ ಸೇರಿದ್ದಾರೆ ಎಂಬುದನ್ನೇ ಮೊದಲ ಜರಡಿ ಮಾಡಿದೆ. ಆಮೇಲೆ ಪ್ರತಿ ಅಡ್ಮಿಷನ್ ಆಫೀಸಿಗೂ ಮೂರು ಪ್ರಶ್ನೆಯ ಇಮೇಲ್: ವಿದೇಶಿ ಪದವಿ ನಡೆಯುತ್ತದೆಯೇ? ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಕಾಲೇಜಿನ) ಕೆಮಿಸ್ಟ್ರಿ, ಬಯಾಲಜಿ ಒಪ್ಪುತ್ತೀರಾ? ಹಳೆಯ ಕೋರ್ಸ್‌ಗಳಿಗೆ ವರ್ಷದ ಮಿತಿಯಿದೆಯೇ? ಬರಹದಲ್ಲಿ ಉತ್ತರ ಇರಲಿ, ಫೋನಿನ ಮಾತು ಸಾಲದು.

ನಮ್ಮಂಥವರು ಎಡವುವುದು ಜಿಪಿಎಯಲ್ಲಿ, ಅಂದರೆ ಗ್ರೇಡ್‌ಗಳ ಸರಾಸರಿಯಲ್ಲಿ. ಭಾರತದ ಅಂಕಗಳು ಲೆಕ್ಕಕ್ಕೆ ಬರುವುದಿಲ್ಲ; ಇಲ್ಲಿ ಓದಿದ ನಾಲ್ಕಾರು ಕೋರ್ಸ್‌ಗಳೇ ಎಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಒಂದು 'ಸಿ' ಬಿದ್ದರೆ ಸರಾಸರಿ ಕುಸಿಯುತ್ತದೆ. ಆ ಕೋರ್ಸ್ ಮತ್ತೆ ಓದಿದರೂ ಎಎಡಿಎಸ್ಎಎಸ್ ಎರಡೂ ಗ್ರೇಡ್ ಎಣಿಸುತ್ತದೆ.

ಬಹುತೇಕ ಕಡೆ ಅರ್ಜಿ ಬಂದಂತೆಲ್ಲ ಪರಿಶೀಲಿಸುತ್ತಾರೆ. ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಪರಿಶೀಲನೆಗೇ ವಾರಗಟ್ಟಲೆ ಹಿಡಿಯುವುದರಿಂದ ಜೂನ್‌ನಲ್ಲೇ ಸಲ್ಲಿಸುತ್ತೇನೆ.