ಓದುಗರ ಸ್ಪಂದನ: ಐದಕ್ಕೆ ಎದ್ದರೂ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ

ತುಮಕೂರಿನ ಓದುಗರೊಬ್ಬರು ಬರೆದಿದ್ದ ಸಮಸ್ಯೆ ಇದು. ವಯಸ್ಸು 33. ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ, ಕೈಗೆ 27 ಸಾವಿರ ಸಂಬಳ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ನಾಲ್ಕು ವರ್ಷದ ಮಗಳಿದ್ದಾಳೆ. 60 ಸಾವಿರ ಕೈಸಾಲವಿದೆ, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಹೆಂಡತಿಯ ಒಡವೆ ಬೀರುವಿನಲ್ಲಿದೆ. ಶ್ರೀಮಂತರ ಮನಸ್ಥಿತಿ ಕಲಿಸುತ್ತೇವೆ ಎನ್ನುವ ತರಬೇತಿಗೆ ದುಡ್ಡು ಕಟ್ಟಿ, ಬೆಳಿಗ್ಗೆ ಐದಕ್ಕೆ ಎದ್ದು ದಿನಾ ಗುರಿಗಳನ್ನು ಡೈರಿಯಲ್ಲಿ ಬರೆಯುತ್ತಿದ್ದಾರೆ. ಆದರೂ ತಿಂಗಳ 20ಕ್ಕೆಲ್ಲ ಕೈ ಖಾಲಿ. ಜೊತೆಯಲ್ಲಿ ಓದಿದವರು ಸೈಟ್ ವ್ಯಾಪಾರ ಮಾಡಿ ಕಾರು ತಗೊಂಡಿದ್ದಾರೆ. 'ನನ್ನ ಯೋಚನೆಯಲ್ಲೇ ದೋಷ ಇದೆಯಾ? ಮುಂದಿನ ಹಂತದ ತರಬೇತಿಗೆ ಸೇರಲಾ? ಚೀಟಿ ಹಾಕಲಾ?' ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಮ್ಮಾ, ನಿಮ್ಮ ಯೋಚನೆಯಲ್ಲಿ ಯಾವ ದೋಷವೂ ಇಲ್ಲ, ಮೊದಲು ಆ ಕೊರಗು ಬಿಡಿ. ಬೇಗ ಏಳುವುದು ಒಳ್ಳೆಯದೇ, ಮುಂದುವರಿಸಿ. ಆದರೆ ದುಡ್ಡು ಉಳಿಯುವುದು ಬೇರೆ ಕಡೆ ತೀರ್ಮಾನವಾಗುತ್ತದೆ.

ಬ್ಯಾಂಕ್ ಕೌಂಟರಿನಲ್ಲಿ ಕೂತು ತುಮಕೂರಿನ ಜನರ ಪಾಸ್‌ಬುಕ್ ನೋಡುತ್ತಲೇ ನನ್ನ ಸರ್ವೀಸ್ ಮುಗಿಯಿತು. ಒಂದೇ ಕಾರ್ಖಾನೆ, ಒಂದೇ ಸಂಬಳದ ಇಬ್ಬರನ್ನು ತಗೊಳ್ಳಿ. ಒಬ್ಬರ ಪಾಸ್‌ಬುಕ್ಕಿನಲ್ಲಿ ಸಂಬಳ ಬಿದ್ದ ಮಾರನೇ ದಿನವೇ ಆರ್‌ಡಿಗೆ (ತಿಂಗಳಾ ತಿಂಗಳಾ ಕಟ್ಟುವ ಠೇವಣಿ) ಎರಡೋ ಮೂರೋ ಸಾವಿರ ತಾನಾಗೇ ಕಟ್ ಆಗಿರುತ್ತದೆ, ಆಮೇಲೆ ಬಾಡಿಗೆ, ಆಮೇಲೆ ದಿನಸಿ. ಇನ್ನೊಬ್ಬರದರಲ್ಲಿ ಸಂಬಳ ಬಂದ ಸಂಜೆಗೇ ಹತ್ತು ಸಾವಿರ ವಿತ್‌ಡ್ರಾ, ಎರಡು ದಿನ ಬಿಟ್ಟು ಇನ್ನೈದು, ಆಮೇಲೆ ಮುನ್ನೂರು, ಇನ್ನೂರು, ನೂರಿಪ್ಪತ್ತು ಅಂತ ಪುಟದ ತುಂಬಾ ಫೋನ್‌ಪೇ ಸಾಲುಗಳು. ಈ ಎರಡನೆಯವರು ಕುಡಿಯುವವರಲ್ಲ, ಸೋಮಾರಿಗಳೂ ಅಲ್ಲ. ತಿಂಗಳ ಕೊನೆಗೆ ಮಿಕ್ಕಿದ್ದನ್ನು ಉಳಿಸೋಣ ಅಂದುಕೊಂಡಿದ್ದರು, ಅಷ್ಟೆ. ಹಾಗೆ ಅಂದುಕೊಂಡವರಿಗೆ ಮಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಮನಸ್ಸು ಗಟ್ಟಿ ಮಾಡ್ಕೋಬೇಕಾಗಿರುವುದು ತಿಂಗಳಿಗೆ ಒಂದೇ ದಿನ, ಸಂಬಳ ಬಂದ ದಿನ. ಆ ಕೆಲಸವನ್ನೂ ಬ್ಯಾಂಕಿಗೆ ಒಂದು ಸಲ ಬರೆದುಕೊಟ್ಟರೆ ಅವರೇ ಮಾಡುತ್ತಾರೆ.

ಆದರೆ ನಿಮಗೆ ಆರ್‌ಡಿಗಿಂತ ಮೊದಲು ಆಗಬೇಕಾದ ಕೆಲಸ ಆ ಕೈಸಾಲ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36%. ತಿಂಗಳಿಗೆ 1,800, ವರ್ಷಕ್ಕೆ 21,600 ರೂಪಾಯಿ ಹೋಗ್ತಾ ಇದೆ, ಅಸಲು ಒಂದು ಪೈಸೆ ಕಮ್ಮಿ ಆಗಿಲ್ಲ. ಅಷ್ಟು ಬಡ್ಡಿಯನ್ನು ಮೀರಿಸುವ ಉಳಿತಾಯ ಯಾವ ಬ್ಯಾಂಕಿನಲ್ಲೂ ಇಲ್ಲ. ಮನೆಯವರನ್ನು ಕೂರಿಸಿಕೊಂಡು ಈ ಲೆಕ್ಕ ತೋರಿಸಿ. ಅವರ ಒಡವೆ, ಅವರು ಒಪ್ಪಬೇಕು. ಒಪ್ಪಿದರೆ ಬ್ಯಾಂಕಿನಲ್ಲಿಟ್ಟು ಚಿನ್ನದ ಸಾಲ ತಗೊಂಡು ಕೈಸಾಲ ಪೂರ್ತಿ ತೀರಿಸಿ, ಕೊಟ್ಟಿದ್ದ ಪ್ರೋನೋಟು ವಾಪಸ್ ಪಡೆಯಿರಿ. 10% ಬಡ್ಡಿ ಅಂತಿಟ್ಟುಕೊಂಡರೂ ವರ್ಷಕ್ಕೆ 6 ಸಾವಿರ. ತಿಂಗಳಿಗೆ 3 ಸಾವಿರ ಕಟ್ಟುತ್ತಾ ಹೋದರೆ ಎರಡು ವರ್ಷದೊಳಗೆ ಒಡವೆ ಮನೆಗೆ ಬರುತ್ತದೆ. ವರ್ಷಕ್ಕೊಮ್ಮೆ ನವೀಕರಣ ಇದ್ದರೆ ಆ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಮರೆತು ಹರಾಜಿನ ನೋಟಿಸ್ ಹಿಡಿದು ಓಡಿ ಬಂದವರನ್ನು ನೋಡಿದ್ದೇನೆ. ಒಡವೆ ಬಂದ ತಿಂಗಳಿಂದಲೇ ಅದೇ 3 ಸಾವಿರವನ್ನು ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ತಿರುಗಿಸಿ. 6.7% ಬಡ್ಡಿಯಲ್ಲಿ ಕೊನೆಗೆ 2 ಲಕ್ಷ 14 ಸಾವಿರದ ಹತ್ತಿರ ಬರುತ್ತದೆ. ಆ ಹೊತ್ತಿಗೆ ನಿಮಗೆ ನಲವತ್ತು. ತಡವೇನೂ ಆಗಿರಲ್ಲ.

ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಈಗಲೇ ತೆರೆದಿಡಿ. ವರ್ಷಕ್ಕೆ 250 ರೂಪಾಯಿ ಹಾಕಿದರೂ ಖಾತೆ ನಡೆಯುತ್ತದೆ. ಹತ್ತು ವರ್ಷ ತುಂಬಿದ ಮೇಲೆ ತೆರೆಯಲು ಆಗಲ್ಲ. 2024ರಿಂದ 8.2% ಬಡ್ಡಿ ಕೊಡುತ್ತಿದ್ದಾರೆ.

- ನಿವೃತ್ತ ಬ್ಯಾಂಕ್ ನೌಕರರು, ತುಮಕೂರು

*

ಕಾರು ತಗೊಂಡ ಗೆಳೆಯರ ಬಗ್ಗೆ ಬರೆದಿದ್ದೀರಲ್ಲ, ಅದಕ್ಕೆ ನಾನು ಉತ್ತರ ಹೇಳ್ತೀನಿ. ನಮ್ಮದು ಕೋಲಾರದ ಕಡೆ, ಟೊಮೆಟೊ ಬೆಳೆಯುತ್ತೇವೆ.

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ಆಗ ತೋಟದಲ್ಲಿ ಹಣ್ಣು ಇದ್ದವರೆಲ್ಲ ಬುದ್ಧಿವಂತರಾದರು. ಟಿವಿಯವರು ಬಂದು ಮೈಕ್ ಹಿಡಿದು ನಿಮ್ಮ ಯಶಸ್ಸಿನ ಗುಟ್ಟೇನು ಅಂತ ಕೇಳಿದರು. ಪಕ್ಕದ ಹೊಲದವರು ಅದೇ ಸಸಿ ತಂದು, ಅದೇ ಔಷಧ ಹೊಡೆದು, ಮೇ ತಿಂಗಳಲ್ಲೇ ಹಣ್ಣು ಕಿತ್ತು ಮುಗಿಸಿದ್ದರು. ಅವರಿಗೆ ಅಸಲೂ ಗಿಟ್ಟಿರಲಿಲ್ಲ. ಯಾರ ಯೋಚನೆ ದೊಡ್ಡದಿತ್ತು ಹೇಳಿ? ಮೂರು ತಿಂಗಳು ಕಳೆಯುವಷ್ಟರಲ್ಲಿ ರೇಟು ನೆಲ ಕಚ್ಚಿತು.

ಹಾಗಾಗಿ ಯಾರಿಗೆ ದುಡ್ಡು ಬಂತು ಅಂತ ನಾನು ನೋಡಲ್ಲ, ಬಂದಿದ್ದು ಯಾರ ಹತ್ತಿರ ನಿಂತಿದೆ ಅಂತ ನೋಡ್ತೀನಿ. ಬೆಳಿಗ್ಗೆ ಹರಾಜು ಮುಗಿದ ಮೇಲೆ ಮಂಡಿಯವರು ಪಟ್ಟಿ ಬರೆದು ಕೊಡುತ್ತಾರೆ. ಎಷ್ಟು ಬಾಕ್ಸು, ಯಾವ ರೇಟು, ಕಮಿಷನ್, ಹಮಾಲಿ, ಬಾಡಿಗೆ ಎಲ್ಲ ಮುರಿದು ಕೊನೆಯಲ್ಲಿ ಒಂದು ಮೊತ್ತ. ನಮ್ಮೂರಲ್ಲಿ ಒಬ್ಬ ಯಜಮಾನರಿದ್ದಾರೆ. ಅವರು ಮಂಡಿಯ ಜಗಲಿಯ ಮೇಲೇ ಕೂತು ಆ ಪಟ್ಟಿಯ ಹಿಂದೆ ಪೆನ್ನಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಮುಂದಿನ ಬೆಳೆಯ ಸಸಿ, ಗೊಬ್ಬರ, ಕಡ್ಡಿ, ಕೂಲಿಗೆ ಇಷ್ಟು. ಸೊಸೈಟಿ ಸಾಲಕ್ಕೆ ಇಷ್ಟು. ಮನೆಗೆ ಇಷ್ಟು. ಮುಟ್ಟಬಾರದ್ದು ಇಷ್ಟು. ಬರೆದು ಮುಗಿಸುವವರೆಗೂ ಕಾಫಿ ಕುಡಿಯಲ್ಲ. ರೇಟು ಇನ್ನೂರಿದ್ದಾಗಲೂ ಹಾಗೇ ಬರೆದರು, ಎರಡು ಸಾವಿರ ಆದಾಗಲೂ ಹಾಗೇ ಬರೆದರು. ದುಡ್ಡಿನ ಬಗ್ಗೆ ನಾನು ಕಲಿತಿದ್ದೆಲ್ಲ ಅವರ ಪಕ್ಕ ಕೂತು.

ಆ ವರ್ಷ ಜಾಸ್ತಿ ದುಡ್ಡು ಕಂಡ ಎಷ್ಟೋ ಜನ ಸೀದಾ ಬೋರ್‌ವೆಲ್ ಲಾರಿ ಕರೆಸಿದರು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ಸಾವಿರ ಅಡಿ ದಾಟಿದರೂ ಬರೀ ಧೂಳು ಬರಬಹುದು. ಒಂದು ರಾತ್ರಿಯಲ್ಲಿ ಇಡೀ ಬೆಳೆಯ ಲಾಭ ಭೂಮಿಯೊಳಗೆ ಹೋಯಿತು. ಸೈಟ್ ವ್ಯಾಪಾರದಲ್ಲೂ ಹೀಗೇ ಅಲ್ವಾ? ಇಂದು ಕಾರು ಕಾಣುತ್ತದೆ, ಅದರ ಕಂತು ನಮಗೆ ಕಾಣಲ್ಲ. ನಿಮ್ಮ ಗೆಳೆಯರಿಗೆ ಒಳ್ಳೆಯದಾಗಲಿ, ಅವರನ್ನು ನೋಡಿ ನೀವು ನಿದ್ದೆ ಕೆಡಿಸಿಕೊಳ್ಳಬೇಡಿ. ನಿಮಗೆ ತಿಂಗಳಾ ತಿಂಗಳಾ ಗೊತ್ತಿರುವ ದುಡ್ಡು ಬರುತ್ತದೆ. ಅದು ಎಂಥಾ ಬಲ ಅಂತ ನಮ್ಮಂಥ ರೈತರನ್ನು ಕೇಳಿ.

- ರೈತರು, ಕೋಲಾರ ತಾಲ್ಲೂಕು

*

ಸರ್, ನಾನೂ ವಸಂತನರಸಾಪುರದಲ್ಲೇ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನೀವು ಪತ್ರದಲ್ಲಿ ಪಿಎಫ್ (ಭವಿಷ್ಯ ನಿಧಿ) ವಿಷಯವನ್ನೇ ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯಲ್ಲಿ 12% ಹಿಡಿಯುತ್ತಾರೆ, ಅಷ್ಟೇ ಮೊತ್ತ ಕಂಪನಿಯೂ ಹಾಕಬೇಕು, ಅದರಲ್ಲಿ ಒಂದು ಪಾಲು ಪಿಂಚಣಿಗೆ ಹೋಗುತ್ತದೆ. 2024-25ಕ್ಕೆ 8.25% ಬಡ್ಡಿ ಕೊಟ್ಟರು. ಕೈಗೆ ಬರುವ ಮೊದಲೇ ಕಟ್ ಆಗುವ ಉಳಿತಾಯ ನಿಮ್ಮ ಹತ್ತಿರ ಆಗಲೇ ಇದೆ!

ನನಗೆ ಬೇಜಾರಾಗುವುದು ಏನಂದ್ರೆ, ನಮ್ಮ ಹುಡುಗರು ಸಾವಿರ ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಪಕ್ಕದ ಕಂಪನಿಗೆ ಹೋಗುತ್ತಾರೆ, ಹೋದಾಗಲೆಲ್ಲ ಪಿಎಫ್ ಕ್ಲೇಮ್ ಹಾಕಿ ತೆಗೆದು ಮೊಬೈಲ್ ತಗೊಳ್ತಾರೆ. ಪಿಂಚಣಿ ದುಡ್ಡನ್ನೂ ತೆಗೆದುಬಿಟ್ಟರೆ ಸರ್ವೀಸ್ ಮತ್ತೆ ಸೊನ್ನೆಯಿಂದ ಶುರು. ತಿಂಗಳ ಪಿಂಚಣಿ ಸಿಗಬೇಕಾದರೆ ಒಟ್ಟು 10 ವರ್ಷ ಆಗಿರಬೇಕು. ಕೆಲಸ ಬದಲಾದರೂ ನಿಮ್ಮ ಪಿಎಫ್ ನಂಬರಾದ ಯುಎಎನ್ ಒಂದೇ, ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿ. ಈ ಭಾನುವಾರ ಪಾಸ್‌ಬುಕ್ ತೆಗೆದು ನೋಡಿ, ಹಳೇ ಕಂಪನಿಯದು ಏನಾದರೂ ಬಾಕಿ ಉಳಿದಿರಬಹುದು. ನಾಮಿನಿಯಾಗಿ ಮನೆಯವರ ಹೆಸರು ಸೇರಿಸಿದ್ದೀರಾ ಅಂತಾನೂ ನೋಡಿ. ಕೆಲಸದಲ್ಲಿರುವಾಗ ಏನಾದರೂ ಆದರೆ ಇದೇ ಪಿಎಫ್ ಜೊತೆಗಿರುವ ವಿಮೆಯಲ್ಲಿ 7 ಲಕ್ಷದವರೆಗೂ ಕುಟುಂಬಕ್ಕೆ ಬರುತ್ತದೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇಲ್ಲ.

- ಓದುಗರು, ತುಮಕೂರು

*

ಅಣ್ಣ, ಇಡೀ ಪತ್ರದಲ್ಲಿ ನಿಮ್ಮ ಸಂಬಳ ಇದೆ, ಸಾಲ ಇದೆ, ಅತ್ತಿಗೆಯ ದುಡಿಮೆ ಎಷ್ಟು ಅಂತ ಒಂದು ಕಡೆಯೂ ಇಲ್ಲ. 'ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ' ಅಂತ ಬಿಟ್ಟುಬಿಟ್ಟಿದ್ದೀರಿ. ನಾನು ಶಿಡ್ಲಘಟ್ಟದವಳು. ಇಲ್ಲಿ ರೇಷ್ಮೆ ಬಿಚ್ಚಾಣಿಕೆ ಮಾಡುವ ಮನೆಗಳಲ್ಲಿ ಹೆಂಗಸರ ಕೈ ಬೀಳದ ಕೆಲಸವೇ ಇಲ್ಲ, ಆದರೆ ಲೆಕ್ಕ ಬರೆಯುವಾಗ ಅವರ ಹೆಸರು ಇರಲ್ಲ. ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಸೇರಿದ ಮೇಲೆ ವಾರ ವಾರ ಉಳಿತಾಯ ಕಟ್ಟುವಾಗಲೇ ಎಷ್ಟೋ ಜನರಿಗೆ ತಾವು ಇಷ್ಟು ದುಡೀತೀವಾ ಅಂತ ಗೊತ್ತಾಗಿದ್ದು.

ನಿಮ್ಮ ಸಂಬಳ ವರ್ಷಕ್ಕೊಮ್ಮೆ ಒಂದಿಷ್ಟು ಏರಬಹುದು. ಅತ್ತಿಗೆಯ ದುಡಿಮೆ ಈ ವರ್ಷವೇ ಎರಡರಷ್ಟಾಗಬಹುದು. ಬರೀ ಸಾದಾ ಬ್ಲೌಸ್ ಹೊಲಿಯುತ್ತಿದ್ದರೆ ಫಾಲ್ಸ್, ಜಿಗ್‌ಜಾಗ್, ಸೀರೆ ಕುಚ್ಚು ಶುರು ಮಾಡಲಿ. ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಕಲಿತರೆ ಮದುವೆ ಸೀಸನ್ನಿನಲ್ಲಿ ಒಂದು ಬ್ಲೌಸಿಗೆ ಸಿಗುವ ಕೂಲಿಯೇ ಬೇರೆ. ನಿಮ್ಮ ಮುಂದಿನ ಹಂತದ ತರಬೇತಿ ಬಿಡಿ ಅಣ್ಣ, ಆ ದುಡ್ಡಲ್ಲಿ ಅವರು ಆರಿ ವರ್ಕ್ ಕಲಿಯಲಿ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರಿಂಗ್ ಕೂಡ ಇದೆ. ತರಬೇತಿಗೆ ಹೋದ ದಿನಗಳಿಗೆ ಭತ್ಯೆ, ಉಪಕರಣಕ್ಕೆ 15 ಸಾವಿರ, ಆಮೇಲೆ 5% ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ಈಗ ಅರ್ಜಿ ತಗೊಳ್ತಿದ್ದಾರಾ ಅಂತ ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಕೇಳಿ. ಆದರೆ ಒಂದು ಮಾತು. ಹೊಲಿಗೆಯ ದುಡ್ಡು ಅವರ ಖಾತೆಗೇ ಹೋಗಲಿ, ಅದರ ಪುಸ್ತಕ ಅವರೇ ಬರೆಯಲಿ.

- ಗೃಹಿಣಿ, ಶಿಡ್ಲಘಟ್ಟ

*

ಎಲ್ಲವೂ ಅಭ್ಯಾಸದಿಂದಲೇ ಆಗುತ್ತೆ ಅನ್ನೋದನ್ನು ನಾನು ಒಪ್ಪಲ್ಲ. ನಮ್ಮ ಪಾವಗಡದಲ್ಲಿ ಸೋಲಾರ್ ಪಾರ್ಕ್ ಬಂತು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಬಾಡಿಗೆ ಶುರುವಾಯಿತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಇದ್ದ ಕೂಲಿಯೂ ಹೋಯಿತು. ಇಬ್ಬರೂ ಕೋಳಿ ಕೂಗುವ ಹೊತ್ತಿಗೆ ಏಳುತ್ತಿದ್ದವರೇ. ಬಡವರ ಯೋಚನೆ ಸರಿ ಇಲ್ಲ ಅಂತ ವೇದಿಕೆ ಮೇಲೆ ನಿಂತು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿಮಗೆ ಹೇಳಬೇಕಾದ್ದು ಒಂದೇ. ಈಗಿನ ನಿಯಮದಲ್ಲಿ ಸಂಬಳ 21 ಸಾವಿರ ದಾಟಿದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರಲ್ಲ. ಸಂಬಳ ಏರಿದ ಖುಷಿಯಲ್ಲಿ ಇದು ಯಾರ ಗಮನಕ್ಕೂ ಬರಲ್ಲ. ಕಂಪನಿಯ ಗುಂಪು ವಿಮೆ ಇದೆಯಾ, ಹೆಂಡತಿ ಮಗಳು ಅದರಲ್ಲಿ ಸೇರಿದ್ದಾರಾ ಅಂತ ನಾಳೆಯೇ ಕೇಳಿ. ಇಲ್ಲದಿದ್ದರೆ ಒಂದು ಆರೋಗ್ಯ ವಿಮೆ ಮಾಡಿಸಿ. ಬ್ಯಾಂಕ್ ಖಾತೆಯಿಂದಲೇ ವರ್ಷಕ್ಕೆ 436 ರೂಪಾಯಿ ಕಟ್ ಆಗುವ ಜೀವನ್ ಜ್ಯೋತಿ ಜೀವ ವಿಮೆ, 20 ರೂಪಾಯಿಯ ಸುರಕ್ಷಾ ಅಪಘಾತ ವಿಮೆ ಎರಡನ್ನೂ ಇಬ್ಬರೂ ಮಾಡಿಸಿಕೊಳ್ಳಿ. ಐದು ವರ್ಷ ಕಟ್ಟಿದ ಆರ್‌ಡಿ ಒಂದು ಆಪರೇಷನ್ನಿಗೆ ಮುರಿದು ಹೋದ ಮನೆಗಳು ನಮ್ಮ ಬೀದಿಯಲ್ಲೇ ಇವೆ.

- ಶಾಲಾ ಶಿಕ್ಷಕರು, ಪಾವಗಡ

*

ಚೀಟಿ ಬಗ್ಗೆ ಯಾರೂ ಬರೆದಿರಲ್ಲ ಅಂದುಕೊಂಡು ನಾನು ಬರೆಯುತ್ತಿದ್ದೇನೆ. ಚೀಟಿ ಕೆಟ್ಟದ್ದಲ್ಲ. ನಮ್ಮ ಚಿಂತಾಮಣಿಯಲ್ಲಿ ಚೀಟಿ ಎತ್ತಿ ಅಂಗಡಿ ಇಟ್ಟವರು, ಮಗಳ ಮದುವೆ ಮಾಡಿದವರು ಬೇಕಾದಷ್ಟು ಜನ. ಆದರೆ ಸಾಲ ತೀರಿಸಲು ಚೀಟಿಗೆ ಸೇರಿದರೆ ಮೊದಲ ತಿಂಗಳುಗಳಲ್ಲೇ ತಳ್ಳಿ, ಅಂದರೆ ಹರಾಜಿನಲ್ಲಿ ಒಂದಷ್ಟು ದುಡ್ಡು ಬಿಟ್ಟುಕೊಟ್ಟು, ಎತ್ತಬೇಕಾಗುತ್ತದೆ. ಒಂದು ಲಕ್ಷದ ಚೀಟಿಯಲ್ಲಿ ಕೈಗೆ ಎಪ್ಪತ್ತೋ ಎಪ್ಪತ್ತೈದೋ ಸಾವಿರ ಬರುತ್ತದೆ, ಮುಂದೆ ಪ್ರತಿ ತಿಂಗಳೂ ಕಟ್ಟುತ್ತಲೇ ಇರಬೇಕು. ನಿಮಗೆ ಈಗ ಅದು ಬೇಡ.

ಸಾಲ ತೀರಿದ ಮೇಲೆ ಹಾಕುವುದಾದರೆ ಗುರುತಿನವರು, ನೆಂಟರು, ದೇವಸ್ಥಾನದ ಕಮಿಟಿಯವರು ಅಂತ ಸುಮ್ನೆ ನಂಬಿ ಹಾಕಬೇಡಿ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು, ನಡೆಸುವವರ ಕಮಿಷನ್ 7% ಮೀರಬಾರದು. ನಿಮ್ಮ ಗುಂಪಿನ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಕಟ್ಟಿದ ಪ್ರತಿ ಕಂತಿಗೂ ರಸೀದಿ ಪಡೆಯಿರಿ, ಬರೀ ಪುಸ್ತಕದಲ್ಲಿ ಸಹಿ ಹಾಕಿಕೊಟ್ಟರೆ ಸಾಲದು. 'ನಮ್ಮ ಮೇಲೆ ನಂಬಿಕೆ ಇಲ್ವಾ' ಅಂತ ಅವರು ಮುಖ ಸಪ್ಪಗೆ ಮಾಡಿಕೊಂಡರೆ ನಮಸ್ಕಾರ ಹೇಳಿ ಎದ್ದು ಬನ್ನಿ.

- ಕಿರಾಣಿ ವ್ಯಾಪಾರಿ, ಚಿಂತಾಮಣಿ