ಕಾದಂಬರಿಯಲ್ಲಿ ಹೆಣ ಬಂದರೆ ಅದು ಬರೀ ಹೆಣ ಆಗಿರಬಾರದಾ?

ಅರ್ಧಪುಟ
ನಮ್ಮ ಓದುಗರ ಗುಂಪಿನಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' (1965) ಓದಿದೆವು. ಅದರಲ್ಲಿ ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸಾಯುತ್ತಾನೆ, ಅವನ ಸಂಸ್ಕಾರ ಯಾರು ಮಾಡಬೇಕು ಅನ್ನುವುದೇ ಅಗ್ರಹಾರದ ಸಮಸ್ಯೆ. ಅವನ ಹೆಣದ ಮಾತು ಬಂತು. ಅದು ಕೊಳೆತ ಸಮಾಜದ ಸಂಕೇತ ಅಂತ ಒಬ್ಬರು ಹೇಳಿದರು. ಅಲ್ಲ, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಅದುಮಿಟ್ಟ ಆಸೆ ಅಂತ ಇನ್ನೊಬ್ಬರು. ಮೂರನೆಯವರು ಇಡೀ ಕಾದಂಬರಿಯೇ ಅನ್ಯೋಕ್ತಿ, ಅಲೆಗರಿ, ಅಂದರೆ ಒಂದರ ನೆಪದಲ್ಲಿ ಇನ್ನೊಂದನ್ನು ಹೇಳುವ ಕಥೆ ಅಂದುಬಿಟ್ಟರು. ಎಲ್ಲರೂ ತಲೆ ಆಡಿಸಿದರು. ನನಗೇನೋ ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ ಅನ್ನಿಸಿತು. ಯಾವುದು ಸಂಕೇತ, ಯಾವುದು ಅಲ್ಲ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ? ಸಂಕೇತಕ್ಕೂ ಅನ್ಯೋಕ್ತಿಗೂ ಏನು ವ್ಯತ್ಯಾಸ?

ಕಪ್ಪುಶಾಯಿ
ಬರೆಯುವವರು ಅಷ್ಟೆಲ್ಲ ಲೆಕ್ಕ ಹಾಕಿ ಬರೆಯುವುದಿಲ್ಲ. ಕಥೆ ಓದಿ, ಇಷ್ಟವಾದರೆ ಸರಿ, ಇಲ್ಲದಿದ್ದರೆ ಮುಂದಿನ ಪುಸ್ತಕ. ಸಂಕೇತ ಎಲ್ಲ ಪರೀಕ್ಷೆ ಬರೆಯುವವರಿಗೆ.

ಕರಡುತಿದ್ದುಗ
ಕಪ್ಪುಶಾಯಿಯವರೇ, ಲೆಕ್ಕ ಹಾಕದೆಯೂ ಬರುತ್ತದೆ. ಪುಸ್ತಕದಲ್ಲಿ ಬಂದಿದೆಯಾ ಅನ್ನುವುದಷ್ಟೇ ನಮಗೆ ಮುಖ್ಯ.

ನಾನು ಕರಡು ತಿದ್ದುವವನು. ಅಲ್ಪವಿರಾಮ, ಪೂರ್ಣವಿರಾಮ ನೋಡಿಕೊಂಡು ಓದುವುದರಿಂದ ನನ್ನ ಓದು ಬಲು ನಿಧಾನ. ಅದೇ ಚಾಳಿ ಸಂಕೇತಕ್ಕೂ ಬಂದಿದೆ. ಒಂದು ವಸ್ತು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಪೆನ್ಸಿಲ್ ಗೆರೆ ಹಾಕುತ್ತೇನೆ. ಏನನ್ನು ಸೂಚಿಸುತ್ತದೆ ಅನ್ನುವ ಪ್ರಶ್ನೆ ಆಮೇಲೆ. ಮೊದಲು ಅದು ಕಥೆಯಲ್ಲಿ ಏನು ಮಾಡುತ್ತಿದೆ ಅಂತ ನೋಡುತ್ತೇನೆ.

ಈ ಹೆಣ ಏನು ಮಾಡುತ್ತದೆ? ಅದು ಇರುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ. ದಿನ ಕಳೆದ ಹಾಗೆ ನಾರುತ್ತದೆ. ಸಂಸ್ಕಾರ ಯಾರು ಮಾಡಬೇಕು ಅಂತ ತೀರ್ಮಾನವಾಗದೆ ಎಲ್ಲರೂ ಆಚಾರ್ಯರ ಮುಖ ನೋಡುತ್ತಾರೆ, ಆಚಾರ್ಯರು ಗ್ರಂಥ ನೋಡುತ್ತಾರೆ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಸಂಸ್ಕಾರದ ಖರ್ಚಿಗೆ ಅಂತ ತನ್ನ ಒಡವೆ ಬಿಚ್ಚಿಟ್ಟ ಮೇಲೆ ಕೆಲವರಿಗೆ ಸತ್ತವನ ಮೇಲೆ ದಿಢೀರ್ ಅಂತ ಕರ್ತವ್ಯಪ್ರಜ್ಞೆ ಹುಟ್ಟುತ್ತದೆ! ಅದು ಅಪ್ಪಟ ಹೆಣ ಆಗಿರುವುದರಿಂದಲೇ ಇದೆಲ್ಲ ನಡೆಯುತ್ತದೆ. ಹಸಿವು, ದುರಾಸೆ, ಭಯ ಎಲ್ಲ ಹೊರಗೆ ಬೀಳುತ್ತದೆ.

ಆಮೇಲೆ ನನಗೆ ಬಹಳ ಇಷ್ಟವಾದ ಜಾಗ. ಚಂದ್ರಿ ಅಹಮದ್ ಬ್ಯಾರಿಯ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಡಿಸಿ ಹೊರಟುಹೋಗುತ್ತಾಳೆ. ಅಗ್ರಹಾರಕ್ಕೆ ಸುಳಿವೇ ಇಲ್ಲ. ಹೆಣ ಬೂದಿಯಾಗಿದೆ, ಹೆಣದ ಸಮಸ್ಯೆ ಮಾತ್ರ ಹಾಗೇ ಇದೆ. 'ಕೊಳೆತ ಸಮಾಜ' ಅಂತ ಚೀಟಿ ಅಂಟಿಸಿ ಕೂತವರು ಈ ತಿರುವನ್ನು ಎಲ್ಲಿಡುತ್ತಾರೆ? ನೀವು ಕೊಟ್ಟ ಅರ್ಥ ಆ ವಸ್ತು ಬರುವ ಎಲ್ಲ ಕಡೆಯೂ ನಿಲ್ಲಬೇಕು, ಇಲ್ಲವೇ ಕಥೆಯ ಜೊತೆ ಬೆಳೆಯಬೇಕು. ಎರಡನೇ ಪುಟದಲ್ಲೇ ಮುಗಿದುಹೋಗುವ ಅರ್ಥ ಓದುಗರು ಹೊರಗಿನಿಂದ ತಂದದ್ದು.

ಇನ್ನೊಂದು ತಮಾಷೆ ಹೇಳುತ್ತೇನೆ. ಇಲಿಗಳು ಸಾಯುತ್ತವೆ. ಹದ್ದುಗಳು ಮನೆ ಮಾಡಿನ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಶಂಖ ಊದಿ ಜಾಗಟೆ ಬಾರಿಸಿ ಓಡಿಸುತ್ತಾರೆ. ಸಂಸ್ಕಾರವಾಗದ ಹೆಣದಿಂದಲೇ ಇದೆಲ್ಲ ಅಂತ ನಡುಗುತ್ತಾರೆ. ಬಂದಿರುವುದು ಪ್ಲೇಗು. ಕಣ್ಣೆದುರಿಗೆ ಇಲಿ ಸತ್ತು ಬಿದ್ದಿದ್ದರೂ ಇಲಿಯನ್ನು ಇಲಿ ಅಂತ ನೋಡಲು ಅವರಿಗೆ ಆಗುವುದಿಲ್ಲ. ನಿಮ್ಮ ಗುಂಪಿನವರಿಗೆ ಆ ಪುಟಗಳನ್ನು ಇನ್ನೊಮ್ಮೆ ಓದಲು ಹೇಳಿ.

ಅರ್ಧಪುಟ
ಹೇಳುತ್ತೇನೆ, ಜಗಳ ಗ್ಯಾರಂಟಿ. ಹಾಗಾದರೆ ಅನ್ಯೋಕ್ತಿ ಯಾವುದು?

ಕರಡುತಿದ್ದುಗ
ಕನಕದಾಸರ 'ರಾಮಧಾನ್ಯ ಚರಿತೆ' ನೋಡಿ. ಭತ್ತಕ್ಕೂ ರಾಗಿಗೂ ಯಾರು ದೊಡ್ಡವರು ಅಂತ ಜಗಳ, ರಾಮನ ಮುಂದೆ ಪಂಚಾಯ್ತಿ. ಕಾಳುಗಳು ಬಾಯಿ ತೆರೆದ ಕೂಡಲೇ ಇದು ಕಾಳಿನ ಜಗಳ ಅಲ್ಲ ಅಂತ ಗೊತ್ತಾಗುತ್ತದೆ. ಕುಲದ ಹೆಮ್ಮೆ ಒಂದು ಕಡೆ, ಬಡವರ ಆಸರೆ ಇನ್ನೊಂದು ಕಡೆ. ಯಾವುದಕ್ಕೆ ಯಾವುದು ಜೋಡಿ ಅಂತ ಕಥೆಯೇ ತೋರಿಸುತ್ತದೆ, ನಾವು ಹುಡುಕಬೇಕಾಗಿಲ್ಲ. ಅನ್ಯೋಕ್ತಿ ಕೀಲಿಕೈ ಸಮೇತ ಬರುತ್ತದೆ.

ಹಾಗಂತ ಅದು ಸುಲಭದ ಕೆಲಸ ಅಂದುಕೊಳ್ಳಬೇಡಿ. ರಾಮ ಭಾಷಣ ಮಾಡಿ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಹೊರಬರುತ್ತದೆ. ರಾಗಿ ಬಹಳ ಕಾಲ ಕೆಡದೆ ಉಳಿಯುವ ಧಾನ್ಯ ಅನ್ನುವುದು ನಿಜದ ಸಂಗತಿ. ಕನಕದಾಸರ ವಾದವೆಲ್ಲ ಆ ನಿಜದ ಮೇಲೆ ನಿಂತಿದೆ. ಅಲ್ಲಿ ಬೇರೆ ಎರಡು ಕಾಳು ತಂದಿಟ್ಟರೆ ಕಥೆ ಬಿದ್ದುಹೋಗುತ್ತದೆ. ಸಪ್ಪೆ ಅನ್ಯೋಕ್ತಿಯಲ್ಲಿ ನರಿಯ ಬದಲು ತೋಳ ಹಾಕಿದರೂ ಏನೂ ಆಗುವುದಿಲ್ಲ. ಅಂಥವು ಜಾಸ್ತಿ ಅನ್ನುವುದೇ ಬೇಜಾರು.

ಪರದೆಹಿಂದೆ
ಇಷ್ಟು ನೇರ ಗೆರೆ ಎಳೆಯಬೇಡಿ ಸ್ವಾಮಿ. ಕಾರ್ನಾಡರ 'ತುಘಲಕ್' (1964) ಎಲ್ಲಿಡುತ್ತೀರಿ? 14ನೇ ಶತಮಾನದ ಸುಲ್ತಾನನ ನಾಟಕ. ಅದರಲ್ಲಿ ನೆಹರೂ ಕಾಲದ ನಿರಾಸೆ ಕಂಡವರು ಎಷ್ಟೋ ಜನ. ಕೀಲಿಕೈ ನಾಟಕದಲ್ಲಿ ಇರಲಿಲ್ಲ, ನೋಡುವವರ ಜೇಬಿನಲ್ಲಿತ್ತು. ಈಗ ನೋಡುವವರಿಗೆ ಬೇರೆ ಯಾರೋ ಕಾಣುತ್ತಾರೆ. ಅನ್ಯೋಕ್ತಿ ಅಲ್ವಾ ಇದು?

ಕರಡುತಿದ್ದುಗ
ನನ್ನ ಪ್ರಕಾರ ಅಲ್ಲ. ಸುಲ್ತಾನ ಅಂದರೆ ನೆಹರೂ ಅಂತಲೇ ಇಟ್ಟುಕೊಳ್ಳೋಣ. ವೇಷ ಹಾಕಿ ಮೋಸ ಮಾಡುವ ಅಜೀಜ್ ಯಾರು? ಇತಿಹಾಸಕಾರ ಬರನಿ ಯಾರು? ಸುಲ್ತಾನನ ಮಲತಾಯಿ ಯಾರು? ಒಂದು ಜೋಡಿ ಕೂತರೆ ಮೂರು ಕೂರುವುದಿಲ್ಲ. ಹೋಲಿಕೆ ಖಂಡಿತ ಇದೆ, ಅದು ಆ ಕಾಲದ ಗಾಳಿಯಲ್ಲೂ ಇತ್ತು. ನಾಟಕದೊಳಗೆ ಹಿಂಬಾಲಿಸಬೇಕಾದ್ದು ಗುಲಾಬಿ ತೋಟ. ಕವಿತೆಯ ಕನಸಿಗೆ ರೂಪ ಕೊಡಲು ಅಂತ ಸುಲ್ತಾನ ಮಾಡಿಸಿದ ತೋಟ ಅದು. ಕೊನೆಗೆ ಖೋಟಾ ನಾಣ್ಯಗಳ ರಾಶಿ ಅಲ್ಲಿಗೇ ಬಂದು ಬೀಳುತ್ತದೆ. ತೋಟ ಏನು ಅಂತ ಯಾರೂ ವಿವರಿಸುವುದಿಲ್ಲ. ವಿವರಿಸಿದ್ದರೆ ಕೆಡುತ್ತಿತ್ತು.

ಪರದೆಹಿಂದೆ
ಅಜೀಜ್‌ಗೆ ಜೋಡಿ ಯಾವ ಕಾಲದಲ್ಲೂ ಬೇಕಾದಷ್ಟು ಸಿಗುತ್ತಾರೆ ಬಿಡಿ. ತೋಟದ ಮಾತು ಒಪ್ಪಿದೆ. ಹೋಲಿಕೆಯ ಮಾತು ಇನ್ನೂ ಒಪ್ಪಿಲ್ಲ.