ಪ್ಯಾಲಿಯೇಟಿವ್‌ಗೆ ‘ಉಪಶಮನ’ ಸಾಕಾ? ‘ಆರಾಮ’ದ ತೊಡಕು

ಗೆಳೆಯರೇ, ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ: ‘ಪ್ಯಾಲಿಯೇಟಿವ್’. ರೋಗ ವಾಸಿಮಾಡದಿದ್ದರೂ ಅದರ ನೋವು, ತೊಂದರೆ ಕಡಿಮೆ ಮಾಡುವ ಚಿಕಿತ್ಸೆಗೆ ಹಾಗನ್ನುತ್ತಾರೆ. ಇದಕ್ಕೆ ಮನೆಮಾತಿನಲ್ಲಿ ಏನನ್ನಬೇಕು?

ನಮ್ಮ ಸೋದರಮಾವನಿಗೆ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಬೆನ್ನುಮೂಳೆಗೂ ಹಬ್ಬಿದೆ. ರಾಯಚೂರಿನಲ್ಲಿ ತೋರಿಸಿದಾಗ ಚೀಟಿಯಲ್ಲಿ ‘ಪ್ಯಾಲಿಯೇಟಿವ್ ರೇಡಿಯೇಶನ್’ ಎಂದು ಬರೆದುಕೊಟ್ಟರು. ನಾನು ಅತ್ತೆಗೆ ‘ಉಪಶಮನ ಚಿಕಿತ್ಸೆ’ ಅಂತ ಹೇಳಿದೆ. “ಅಂದ್ರ ಆರಾಮ ಆಗ್ತದೇನಪಾ?” ಅಂದರು. ಹೌದು ಅಂದೆ. ಸಂಜೆಯೊಳಗೆ ನೆಂಟರಿಗೆಲ್ಲ ಫೋನ್ ಹೋಗಿತ್ತು, ಮಾವ ಗುಣ ಆಗ್ತಾರಂತೆ ಅಂತ.

ತಪ್ಪು ನನ್ನದೇ. ನಮ್ಮ ಕಡೆ ‘ಆರಾಮ ಅದೀನಿ’ ಅಂದರೆ ನೆಮ್ಮದಿಯಾಗಿದ್ದೇನೆ ಅಂತ. ‘ಜಡ್ಡು ಆರಾಮ ಆತು’ ಅಂದರೆ ರೋಗವೇ ಹೋಯಿತು ಅಂತ. ಡಾಕ್ಟರ ಮನಸ್ಸಿನಲ್ಲಿದ್ದದ್ದು ಮೊದಲನೆಯದು. ಮೂಳೆ ನೋವಿಗೆ ಎಷ್ಟೋ ಸಲ 8 ಗ್ರೇಯ (ಗ್ರೇ ಅಂದರೆ ರೇಡಿಯೇಶನ್ ಅಳೆಯುವ ಮಾನ) ಒಂದೇ ಡೋಸ್ ರೇಡಿಯೇಶನ್ ಸಾಕಾಗುತ್ತದೆ. ಎದೆಯಲ್ಲಿ ನೀರು ತುಂಬಿದರೆ ಸೂಜಿ ಹಾಕಿ ತೆಗೆಯುತ್ತಾರೆ, ಉಸಿರು ಹಗುರಾಗುತ್ತದೆ. ಮಾರ್ಫಿನ್ ನೋವಿಗಷ್ಟೇ ಅಲ್ಲ, ಏದುಸಿರಿಗೂ ಕೊಡುತ್ತಾರೆ. ರೋಗ ಮಾತ್ರ ಒಳಗೇ ಇರುತ್ತದೆ.

‘ಪ್ಯಾಲಿಯೇಟಿವ್’ ಹುಟ್ಟಿದ್ದು ಲ್ಯಾಟಿನ್ನಿನ ‘ಪ್ಯಾಲಿಯಂ’ನಿಂದ. ಅಂದರೆ ಹೊದೆಯುವ ಬಟ್ಟೆ. ನಮ್ಮ ‘ಉಪಶಮನ’ದಲ್ಲಿ ಹೊದಿಕೆ ಇಲ್ಲ, ತಣಿಸುವುದಿದೆ. ಅರ್ಥ ಸರಿಯೇ, ಆದರೆ ಮನೆಯಲ್ಲಿ ಯಾರೂ ಆಡುವ ಮಾತಲ್ಲ.

‘ಕೊನೆಗಾಲದ ಆರೈಕೆ’ ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. 2010ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು, ಹಬ್ಬಿದ ಶ್ವಾಸಕೋಶ ಕ್ಯಾನ್ಸರ್‌ನ 151 ರೋಗಿಗಳ ಮೇಲೆ. ಮಾಮೂಲಿ ಚಿಕಿತ್ಸೆಯ ಜೊತೆ ಮೊದಲಿಂದಲೇ ಪ್ಯಾಲಿಯೇಟಿವ್ ಆರೈಕೆಯನ್ನೂ ಪಡೆದವರ ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು. ಬದುಕಿದ್ದೂ ಜಾಸ್ತಿಯೇ: ಮಧ್ಯಾಂಕದ (ಎಲ್ಲರನ್ನೂ ಸಾಲಾಗಿ ಇಟ್ಟರೆ ನಟ್ಟನಡುವೆ ಬರುವವರ) ಲೆಕ್ಕದಲ್ಲಿ 11.6 ತಿಂಗಳು, ಉಳಿದವರು 8.9. ಹಾಗಿರುವಾಗ ‘ಕೊನೆಗಾಲ’ ಅಂದು ಸುಮ್ನೆ ಹೆದರಿಸುವುದು ಯಾಕೆ?

ಬರೀ ‘ಆರೈಕೆ’ ನನಗೆ ಇಷ್ಟ. ಬಾಣಂತಿಯ ಆರೈಕೆ ಗೊತ್ತಿಲ್ಲದ ಮನೆ ಯಾವುದಿದೆ? ಆದರೆ ರೇಡಿಯೇಶನ್ ಮೆಶೀನಿನ ಕೆಳಗೆ ಮಲಗಿಸುವುದನ್ನು ಆರೈಕೆ ಅಂದರೆ ಒಗ್ಗುವುದಿಲ್ಲ, ಅಲ್ವಾ?

ಮರುದಿನ ಅತ್ತೆಯ ಹತ್ತಿರ ಕೂತು ಹೀಗೆ ಹೇಳಿದೆ: “ಬ್ಯಾನಿ ಇಳೀತದ ಅತ್ತಿ, ಜಡ್ಡು ಹೋಗಂಗಿಲ್ಲ.” ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ರಾತ್ರಿ ನಿದ್ದಿ ಹತ್ತತದಲ್ಲ?” ಅಂದರು.

ಆ ‘ಇಳಿಸು’ ನನ್ನ ಕಿವಿಗೆ ಸರಿ ಕಂಡಿದೆ. ಜ್ವರ ಇಳಿಸುತ್ತೇವೆ, ಭಾರ ಇಳಿಸುತ್ತೇವೆ. ಆದರೆ ‘ಬ್ಯಾನಿ ಇಳಿಸೋ ಚಿಕಿತ್ಸೆ’ ಅಂದರೆ ಏದುಸಿರು, ವಾಕರಿಕೆ, ಅಂಜಿಕೆ ಎಲ್ಲ ಹೊರಗೇ ಉಳಿಯುತ್ತವೆ. ‘ಸಂಕಟ ಇಳಿಸುವ ಚಿಕಿತ್ಸೆ’ ಅನ್ನಬಹುದಾ? ಕೊಪ್ಪಳ, ಬಳ್ಳಾರಿ ಕಡೆ ‘ಸಂಕಟ’ ಅಂದರೆ ಹೊಟ್ಟೆ ತೊಳಸುವುದಷ್ಟೇನಾ, ಇಲ್ಲ ಇದೆಲ್ಲ ಸೇರುತ್ತದಾ?